ಕರಣಿಯ ಪೂರ್ವಕಥೆ

ರಾಜ್ಯೋತ್ಸವದ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಘದ ತರುಣರು ಮನೆಗೆ ಬಂದು ಕೇಳಿದಾಗ ಅವರ ಮನಸ್ಸಿನಲ್ಲಿದ್ದುದು ಹಂಪೆಯೋ, ಬಾದಾಮಿಯೋ, ಪಂಪನೋ ಇರಬೇಕು. ಆ ವಿಷಯಗಳನ್ನು ಕುರಿತು ನಮಗಿಂತ ಚೆನ್ನಾಗಿ ಬರೆಯಬಲ್ಲವರು ಈ ಮುಂಬಯಿಯಲ್ಲೇ ಅನೇಕರಿದ್ದಾರೆ. ವರ್ಷವರ್ಷವೂ ಬರೆಯುತ್ತಲೂ ಇದ್ದಾರೆ. ಆದಕಾರಣ ನಾವು ಈ ಸಲ ವರ್ಗಮೂಲಗಳನ್ನು ಕೂಡಿಸುವ ಬಗೆಯನ್ನು ಕುರಿತು ಬರೆಯುತ್ತೇವೆಂದೆವು. ತರುಣರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು; ಸಂಪಾದಕರಿಗೆ ಹೇಳಿ ನೋಡುತ್ತೇವೆಂದು ಹೊರಟುಹೋದರು. ಸಂಪಾದಕರು ಒಪ್ಪಿದ್ದರಿಂದ ಈ ಬರಹ. ಗಣಿತವೆಂದೊಡನೆ ಪುಟ ಮಗುಚುವ ಅಭ್ಯಾಸವುಳ್ಳ ವಾಚಕರು ದಯಮಾಡಿ ಸ್ವಲ್ಪ ತಾಳಬೇಕು. ಇಲ್ಲಿ ಬರುವ ಲೆಕ್ಕವೆಲ್ಲ ಎರಡು ಜಮಖಾನೆ ಹಾಸುವಷ್ಟೇ ಕಷ್ಟದ್ದು.

ಇದಕ್ಕೆ ಪ್ರೇರಣೆಯಾದುದು ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ. ಒಂಬತ್ತನೆಯ ಇಯತ್ತೆಯಲ್ಲಿ ಓದುತ್ತಿರುವ ಮೊಮ್ಮಗಳು ಒಂದು ಸಂಜೆ ತನ್ನ ಲೆಕ್ಕದ ನೋಟುಬುಕ್ಕು ಹಿಡಿದುಕೊಂಡು ಬಂದು, “ಅಜ್ಜಾ, ನಿಮಗ ಸರ್ಡ್ಸ್ ಬರ್ತಾವೇನು?” ಎಂದು ಕೇಳಿದಳು. ಆ ಹೆಸರನ್ನು ನಾವು ಕೇಳಿದವರಲ್ಲ. ಬರುವುದಿಲ್ಲವೆಂದೆವು. ಅವಳ ಶಾಲೆ ಇಂಗ್ಲಿಷು ಮಾಧ್ಯಮದ್ದು. ನಾವು ಓದಿದ್ದು ಉತ್ತರ ಕರ್ನಾಟಕದ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ. ಅವಳು ನಾಲ್ಕನೆಯ ಇಯತ್ತೆ ದಾಟಿದಂದಿನಿಂದ ಅವಳ ಗಣಿತ ನಮ್ಮದಲ್ಲವೆಂದು ನಾವೇ ತೀರ್ಮಾನಿಸಿಕೊಂಡು ದೂರ ಸರಿದಿದ್ದೆವು. ಅಂದು ಸುಮ್ಮನೆ ಕಣ್ಣು ಹಾಯಿಸಿದರೆ ಪುಟದ ಮೇಲೆ ಹೀಗಿತ್ತು: √2 + √8 = √10. ಮೇಲೆ ಕೆಂಪು ಮಸಿಯ ಕಾಟು. “ಇದು ಕರಣಿಯಲ್ಲವೇನೇ!” ಎಂದು ನಮ್ಮ ಬಾಯಿಂದ ಹೊರಟುಹೋಯಿತು. ಐದು ದಶಕಗಳ ಹಿಂದೆ ನಾವು ಕಲಿತದ್ದೇ. ಹೆಸರು ಬೇರೆಯಾದ ಮಾತ್ರಕ್ಕೆ ವಸ್ತುವೇ ಬೇರೆಯೆಂದು ನಂಬಿ ಇಷ್ಟು ವರ್ಷ ಆ ಹುಡುಗಿಗೆ ನೆರವಾಗದೆ ಕುಳಿತಿದ್ದೆವು. ನಮ್ಮಂಥ ಅಜ್ಜಂದಿರೂ ತಾಯಂದಿರೂ ಈ ಊರಿನ ಕನ್ನಡ ಮನೆಗಳಲ್ಲಿ ಇನ್ನೂ ಎಷ್ಟು ಮಂದಿ ಇರುವರೋ!

ಉತ್ತರ √18, ಅಥವಾ 3√2, ಎಂದು ತಿದ್ದಿಕೊಟ್ಟೆವು. ಆಗ ಅವಳು ಕೇಳಿದ ಎರಡನೆಯ ಪ್ರಶ್ನೆಯೇ ಗಟ್ಟಿಯಾದದ್ದು: ಎರಡು ಮತ್ತು ಎಂಟು ಸೇರಿದರೆ ಹತ್ತೇ ಆಗಬೇಕಲ್ಲ, ಹದಿನೆಂಟು ಎಲ್ಲಿಂದ ಬಂತು? ನಿಯಮ ನಮಗೆ ನೆನಪಿತ್ತು, ಕಾರಣ ನೆನಪಿರಲಿಲ್ಲ. ಬಹುಶಃ ನಮಗೂ ಯಾರೂ ಹೇಳಿರಲಿಲ್ಲ. ಆ ಕಾರಣವನ್ನು ಹುಡುಕುತ್ತ ಹೋದಂತೆ ಅದು ‘ಕರಣಿ’ ಎಂಬ ಶಬ್ದದ ಹೊಟ್ಟೆಯಲ್ಲೇ ಅಡಗಿಕೊಂಡಿರುವುದು ಕಂಡಿತು. ಆ ಕಥೆಯನ್ನು ಇಲ್ಲಿ ಹೇಳತಕ್ಕದ್ದಿದೆ.

ಮೊದಲು ಇಂಗ್ಲಿಷಿನ ‘ಸರ್ಡ್’ ಎಂಬ ಹೆಸರನ್ನು ನೋಡೋಣ. ಇದು ಲ್ಯಾಟಿನಿನ ‘ಸುರ್ದುಸ್’ ಎಂಬುದರಿಂದ ಬಂದದ್ದು. ಅದರ ಅರ್ಥ ಕಿವುಡು. ಸಂಖ್ಯೆಗೂ ಕಿವುಡಿಗೂ ಏನು ಸಂಬಂಧ? ಎರಡರ ವರ್ಗಮೂಲವನ್ನು ಯಾವ ಭಿನ್ನರಾಶಿಯಿಂದಲೂ ಪೂರ್ಣವಾಗಿ ಹೇಳಲಾಗದೆಂಬುದನ್ನು ಕಂಡ ಗ್ರೀಕರು ಅಂಥ ಪ್ರಮಾಣಗಳನ್ನು ‘ಅಲೊಗೊಸ್’ ಎಂದರು. ‘ಲೊಗೊಸ್’ ಎಂಬುದಕ್ಕೆ ಅವರಲ್ಲಿ ಅನುಪಾತವೆಂಬ ಅರ್ಥವೂ ಉಂಟು, ಮಾತು ಎಂಬ ಅರ್ಥವೂ ಉಂಟು. ಅನುಪಾತವಿಲ್ಲದ್ದು ಮಾತಿಲ್ಲದ್ದೂ ಆಯಿತು. ಅರಬ್ಬಿ ವಿದ್ವಾಂಸರು ಇದಕ್ಕೆ ‘ಅಸಮ್ಮ್’, ಎಂದರೆ ಕಿವುಡು, ಎಂಬ ಪದವನ್ನಿಟ್ಟರು. ಅರಬ್ಬಿ ಗ್ರಂಥಗಳನ್ನು ಲ್ಯಾಟಿನಿಗೆ ತಂದವರಲ್ಲಿ ಪ್ರಮುಖನಾದ ಇಟಲಿಯ ಕ್ರೆಮೋನಾದ ಜೆರಾರ್ಡನು ಆ ಕಿವುಡನ್ನೇ ‘ಸುರ್ದುಸ್’ ಎಂದು ಅನುವಾದಿಸಿದನು. ಹೀಗೆ ಒಂದು ದೇಶದ ಮೂಕತನ ಮತ್ತೊಂದು ದೇಶದಲ್ಲಿ ಕಿವುಡಾಗಿ, ಕೊನೆಗೆ ನಮ್ಮ ಮೊಮ್ಮಗಳ ನೋಟುಬುಕ್ಕಿಗೆ ಬಂದು ಕುಳಿತಿದೆ. ಜೆರಾರ್ಡನು ಹುಟ್ಟಿದ್ದು ಸುಮಾರು 1114ರಲ್ಲಿ. ನಮ್ಮ ಭಾಸ್ಕರಾಚಾರ್ಯರು ಹುಟ್ಟಿದ ಶಕ 1036 ಎಂದರೂ ಅದೇ 1114. ಒಂದೇ ಕಾಲದ ಇಬ್ಬರು. ಅಲ್ಲಿ ಆ ಸಂಖ್ಯೆ ಕಿವುಡು, ಇಲ್ಲಿ ಅದು ಕರಣಿ.

ಕರಣಿ ಎಂದರೆ ಮಾಡುವಂಥದು, ಉಂಟುಮಾಡುವಂಥದು. ಗಾರೆ ಕೆಲಸದವರ ಕೈಯಲ್ಲಿರುವ ಕರಣೆಯನ್ನು ಬಲ್ಲವರಿಗೆ ಈ ಅರ್ಥ ತೀರ ಅಪರಿಚಿತವಾಗಲಾರದು. ಏನನ್ನು ಉಂಟುಮಾಡುತ್ತದೆ? ಚೌಕವನ್ನು. ಯಾವುದು ಉಂಟುಮಾಡುತ್ತದೆ? ಹಗ್ಗ.

ವೇದಕಾಲದ ಯಜ್ಞವೇದಿಗಳನ್ನು ಕಟ್ಟುವ ಅಳತೆಗಳನ್ನು ಹೇಳುವ ಸೂತ್ರಗ್ರಂಥಗಳಿಗೆ ಶುಲ್ಬಸೂತ್ರಗಳೆಂದು ಹೆಸರು. ಶುಲ್ಬವೆಂದರೆ ಅಳತೆಯ ಹಗ್ಗ, ರಜ್ಜುವೆಂದೂ ಕರೆಯುವರು. ಬೌಧಾಯನ, ಆಪಸ್ತಂಬ, ಕಾತ್ಯಾಯನ, ಮಾನವ ಇವು ಅವುಗಳಲ್ಲಿ ಮುಖ್ಯವಾದವು; ಕ್ರಿ. ಪೂ. 800ರಿಂದ 200ರ ನಡುವಿನ ಕಾಲದವೆಂದು ವಿದ್ವಾಂಸರ ಸ್ಥೂಲವಾದ ಎಣಿಕೆ. ವೇದಿ ಗಿಡುಗನ ಆಕಾರದ್ದಿರಲಿ, ಚೌಕವಿರಲಿ, ದುಂಡಗಿರಲಿ, ಅದರ ವಿಸ್ತೀರ್ಣ ನಿಯಮದಂತೆಯೇ ಇರಬೇಕು. ಇಲ್ಲಿ ಕೆಲಸಗಾರನಿಗೆ ಎದುರಾಗುವ ಮೊದಲ ತೊಡಕು ಇದು: ಒಂದು ಚೌಕದ ಇಮ್ಮಡಿ ವಿಸ್ತೀರ್ಣದ ಚೌಕವನ್ನು ಹಾಕುವುದು ಹೇಗೆ? ಬಾಹುವನ್ನು ಇಮ್ಮಡಿಸಿದರೆ ವಿಸ್ತೀರ್ಣ ನಾಲ್ಮಡಿಯಾಗಿಬಿಡುತ್ತದೆ. ಬೌಧಾಯನರು ಕೊಟ್ಟ ಉತ್ತರ ಸರಳವಾಗಿದೆ. ಚೌಕದ ಒಂದು ಮೂಲೆಯಿಂದ ಎದುರು ಮೂಲೆಗೆ ಹಗ್ಗವನ್ನು ಎಳೆಯಿರಿ. ಆ ಹಗ್ಗದ ಮೇಲೆ ಚೌಕ ಕಟ್ಟಿದರೆ ಅದು ಮೊದಲಿನದರ ಇಮ್ಮಡಿ. ಎರಡನ್ನು ಮಾಡುವ ಹಗ್ಗವಾದ್ದರಿಂದ ಅದು ದ್ವಿಕರಣಿ. ಮೂರು ಚೌಕಗಳಷ್ಟನ್ನು ಮಾಡುವುದು ತ್ರಿಕರಣಿ. ರಜ್ಜು ಶಬ್ದ ಸಂಸ್ಕೃತದಲ್ಲಿ ಸ್ತ್ರೀಲಿಂಗವಾದುದರಿಂದ ‘ಕರಣೀ’ ಎಂದಾಯಿತು. ಹಗ್ಗ ಮರೆತುಹೋಯಿತು, ಹೆಸರು ಉಳಿಯಿತು.

ದ್ವಿಕರಣಿಯ ಉದ್ದವೆಷ್ಟೆಂಬುದನ್ನೂ ಅವರು ಹೇಳಿದ್ದಾರೆ. ಒಂದು ಅಳತೆಗೆ ಅದರ ಮೂರನೆಯ ಒಂದು ಪಾಲನ್ನು ಕೂಡಿಸು. ಆ ಪಾಲಿನ ನಾಲ್ಕನೆಯ ಒಂದನ್ನು ಕೂಡಿಸು. ಹೀಗೆ ಕೊನೆಗೆ ಕೂಡಿಸಿದ ಪಾಲಿನ ಮೂವತ್ತನಾಲ್ಕನೆಯ ಒಂದನ್ನು ಕಳೆ. ಇದನ್ನು ಒಟ್ಟುಮಾಡಿದರೆ 577/408 ಬರುತ್ತದೆ, ಅಂದರೆ 1.414215. ಇಂದಿನ ಯಂತ್ರಗಳು ಕೊಡುವ ಬೆಲೆ 1.414213. ಒಂದು ಕಿಲೋಮೀಟರು ಬಾಹುವುಳ್ಳ ಚೌಕದ ಕರ್ಣವನ್ನು ಈ ಲೆಕ್ಕದಿಂದ ಅಳೆದರೆ ಬರುವ ತಪ್ಪು ಎರಡು ಮಿಲಿಮೀಟರಿನಷ್ಟು. ಆದರೂ ಇದು ಪೂರ್ತಿ ನಿಖರವಲ್ಲ, ಸ್ವಲ್ಪ ಹೆಚ್ಚಾಗಿದೆ ಎಂಬ ಅರಿವು ಅವರಿಗಿದ್ದಿತೆಂದು ಕಾಣುತ್ತದೆ. ಅದನ್ನು ‘ಸವಿಶೇಷ’ವೆಂದು ಕರೆದಿದ್ದಾರೆ.

ನಮಗೆ ಇದಕ್ಕಿಂತಲೂ ಹೆಚ್ಚು ಹಿಡಿಸಿದ್ದು ಕಾತ್ಯಾಯನರ ಒಂದು ಮಾತು. ಅಗಲ ಒಂದು ಪದ, ಉದ್ದ ಮೂರು ಪದ ಇರುವ ಆಯತದ ಕರ್ಣರಜ್ಜು ದಶಕರಣಿ, ಎಂದರೆ ಹತ್ತು ಚದರವನ್ನು ಮಾಡುವ ಹಗ್ಗ. ಅಗಲ ಎರಡು, ಉದ್ದ ಆರು ಇರುವ ಆಯತದ ಕರ್ಣ ಚತ್ವಾರಿಂಶತ್ಕರಣಿ, ನಲವತ್ತನ್ನು ಮಾಡುವ ಹಗ್ಗ. ಈ ಎರಡನ್ನು ಒಂದರ ಪಕ್ಕದಲ್ಲೊಂದು ಬರೆದು ನೋಡಿರಿ. ಎರಡನೆಯ ಆಯತ ಮೊದಲನೆಯದನ್ನು ಎಲ್ಲ ಕಡೆಯಿಂದಲೂ ಇಮ್ಮಡಿಸಿದ್ದು. ಆದುದರಿಂದ ಅದರ ಕರ್ಣವೂ ಮೊದಲಿನ ಕರ್ಣದ ಇಮ್ಮಡಿ. ನಲವತ್ತರ ಮೂಲವೆಂದರೆ ಹತ್ತರ ಮೂಲದ ಎರಡರಷ್ಟು. ಶಾಲೆಯಲ್ಲಿ √40 = 2√10 ಎಂದು ‘ಸರಳೀಕರಿಸು’ ಎನ್ನುತ್ತಾರಲ್ಲ, ಆ ಲೆಕ್ಕ ಇಲ್ಲಿ ನೆಲದ ಮೇಲೆ ಹಗ್ಗದಲ್ಲಿ ಬಿದ್ದುಕೊಂಡಿದೆ. ನಲವತ್ತನ್ನು ನಾಲ್ಕು ಹತ್ತಲೆ ಎಂದು ಒಡೆದು ನಾಲ್ಕನ್ನು ಹೊರಗೆ ತಂದರೆ ಅದು ಎರಡಾಗುವುದೇಕೆ ಎಂದು ಕಂಗಾಲಾಗುವ ಮಕ್ಕಳಿಗೆ ಈ ಎರಡು ಆಯತಗಳನ್ನು ಬರೆದು ತೋರಿಸಿದರೆ ಸಾಕು.

ಈಗ ಜಮಖಾನೆಯ ವಿಷಯಕ್ಕೆ ಬರೋಣ. ಸಂಘದ ಸಭಾಗೃಹದಲ್ಲಿ ರಾಜ್ಯೋತ್ಸವದ ದಿನ ಎರಡು ಚೌಕ ಜಮಖಾನೆಗಳನ್ನು ಗೋಡೆಯ ಗುಂಟ ಸಾಲಾಗಿ ಹಾಸುತ್ತೇವೆನ್ನಿ. ಒಂದು 9 ಚದರ ಗಜದ್ದು, ಇನ್ನೊಂದು 16 ಚದರ ಗಜದ್ದು. ಗೋಡೆಯ ಎಷ್ಟು ಉದ್ದ ಮುಚ್ಚಿತು? ಮೂರು ಮತ್ತು ನಾಲ್ಕು, ಒಟ್ಟು ಏಳು ಗಜ. ಅದೇ ಎರಡು ಜಮಖಾನೆಗಳನ್ನು ಕತ್ತರಿಸಿ ಒಂದೇ ಚೌಕವಾಗಿ ಹೊಲಿದರೆ ಅದರ ವಿಸ್ತೀರ್ಣ 25. ಅದು ಮುಚ್ಚುವ ಗೋಡೆ ಐದೇ ಗಜ. ಮೂಲಗಳನ್ನು ಕೂಡಿಸುವುದೆಂದರೆ ಜಮಖಾನೆಗಳ ಅಂಚುಗಳನ್ನು ಸಾಲಿಗೆ ಜೋಡಿಸುವುದು. ಮಕ್ಕಳು ಮಾಡುವುದು ಬಟ್ಟೆಯನ್ನು ಕೂಡಿಸುವ ಲೆಕ್ಕ. ಕರಣಿಯೆಂದರೆ ಹಗ್ಗ ಎಂಬುದು ಗೊತ್ತಿದ್ದರೆ ಈ ತಪ್ಪು ಹುಟ್ಟುವುದೇ ಇಲ್ಲ. ಹಗ್ಗಕ್ಕೆ ಹಗ್ಗ ಗಂಟು ಹಾಕುವಾಗ ಯಾರೂ ಚದರ ಗಜವನ್ನು ಎಣಿಸುವುದಿಲ್ಲ. ಕಿವುಡೆಂಬ ಹೆಸರು ಈ ಉಪಕಾರವನ್ನು ಮಾಡಲಾರದು.

ಹಾಗಾದರೆ ಏಳು ಗಜ ಬಾಹುವುಳ್ಳ ಪೂರ್ತಿ ಚೌಕವನ್ನೇ ಹಾಕಿದರೆ? ಅದರ ವಿಸ್ತೀರ್ಣ 49. ಅದರೊಳಗೆ ಒಂದು ಮೂಲೆಯಲ್ಲಿ 9ರ ಜಮಖಾನೆ, ಎದುರು ಮೂಲೆಯಲ್ಲಿ 16ರ ಜಮಖಾನೆ ಹಾಸಿದ ಮೇಲೆ ಎರಡು ಬರಿಯ ಮೂಲೆಗಳು ಉಳಿಯುತ್ತವೆ. ಒಂದೊಂದೂ ಮೂರು ನಾಲ್ಕಲೆ ಹನ್ನೆರಡು. 25 ಮತ್ತು 24 ಸೇರಿ 49. ನಮ್ಮ ಮೊಮ್ಮಗಳು 2 ಮತ್ತು 8ರಲ್ಲಿ ಬಿಟ್ಟದ್ದು ಈ ಎರಡು ಮೂಲೆಗಳನ್ನೇ. ಅಲ್ಲಿ ಒಂದೊಂದು ಮೂಲೆಯೂ 4. ಎರಡೂ ಸೇರಿ 8. ಹತ್ತಕ್ಕೆ ಎಂಟನ್ನು ಸೇರಿಸಿದರೆ ಹದಿನೆಂಟು. ಕಾಗದದ ಚೂರುಗಳನ್ನು ಕತ್ತರಿಸಿ ಇಷ್ಟನ್ನು ತೋರಿಸಿದಾಗ ಅವಳು ತಾನೇ ಆ ಖಾಲಿ ಮೂಲೆಗಳ ಮೇಲೆ ಬೆರಳಿಟ್ಟು, “ಇವ್ನ ಮರ್ತಿದ್ದೆ ನಾ” ಎಂದಳು.

ಈ ಲೆಕ್ಕಕ್ಕೆ ನಿಯಮವನ್ನು ಬರೆದಿಟ್ಟವರಲ್ಲಿ ಬ್ರಹ್ಮಗುಪ್ತನನ್ನು ಮೊದಲು ನೆನೆಯಬೇಕು. ಇಂದಿನ ರಾಜಸ್ಥಾನದ ಭೀನಮಾಲ, ಆಗಿನ ಭಿಲ್ಲಮಾಲ, ಅವನ ಊರು. 628ರಲ್ಲಿ ಬರೆದ ಬ್ರಾಹ್ಮಸ್ಫುಟಸಿದ್ಧಾಂತದ ಹದಿನೆಂಟನೆಯ ಅಧ್ಯಾಯದಲ್ಲಿ ಕರಣಿಗಳನ್ನು ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ರೀತಿ ಇದೆ. ಎರಡು ಕರಣಿಗಳನ್ನೂ ಒಂದು ತಕ್ಕ ಸಂಖ್ಯೆಯಿಂದ ಭಾಗಿಸಬೇಕು, ಬರುವ ಎರಡೂ ಫಲಗಳು ಪೂರ್ಣ ವರ್ಗಗಳಾಗುವಂತೆ. ಅವುಗಳ ಮೂಲಗಳನ್ನು ಕೂಡಿಸಿ, ಮೊತ್ತವನ್ನು ವರ್ಗಿಸಿ, ಮೊದಲಿನ ಭಾಜಕದಿಂದ ಗುಣಿಸಬೇಕು. 2 ಮತ್ತು 8ನ್ನು ಎರಡರಿಂದ ಭಾಗಿಸಿದರೆ 1 ಮತ್ತು 4, ಮೂಲಗಳು 1 ಮತ್ತು 2, ಕೂಡಿದರೆ 3, ವರ್ಗ 9, ಎರಡರಿಂದ ಗುಣಿಸಿದರೆ 18. ಇಂದಿನ ಪಠ್ಯಪುಸ್ತಕ √8ನ್ನು 2√2 ಎಂದು ಒಡೆದು, ಅದಕ್ಕೆ √2ನ್ನು ಸೇರಿಸಿ 3√2 ಎನ್ನುವುದೂ ಇದೇ ಹಾದಿ.

ಇನ್ನು ನಮ್ಮ ನಾಡಿಗೆ ಬರೋಣ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನು ಮಾನ್ಯಖೇಟದಿಂದ ಆಳುತ್ತಿದ್ದ ಕಾಲ; ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವೇ ಆ ಮಾನ್ಯಖೇಟ. ಕವಿರಾಜಮಾರ್ಗ ಹುಟ್ಟಿದ ಆಸ್ಥಾನವೆಂದು ನಾವೆಲ್ಲ ಅದನ್ನು ಬಲ್ಲೆವು. ಅದೇ ಅರಸನನ್ನು ತನ್ನ ಗ್ರಂಥದ ಆರಂಭದಲ್ಲಿ ಕೊಂಡಾಡಿದ ಜೈನ ಗಣಿತಜ್ಞರೊಬ್ಬರಿದ್ದರೆಂಬುದನ್ನು ಬಲ್ಲವರು ಕಡಿಮೆ. ಅವರೇ ಮಹಾವೀರಾಚಾರ್ಯರು, ಸುಮಾರು 850ರಲ್ಲಿ ರಚಿಸಿದ ಅವರ ಗ್ರಂಥ ಗಣಿತಸಾರಸಂಗ್ರಹ. ಸಂಸ್ಕೃತದಲ್ಲಿದ್ದರೂ ಅದು ಕನ್ನಡ ನಾಡಿನಲ್ಲಿ ಬಹುಕಾಲ ಓದಲ್ಪಟ್ಟಿತು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷು ಅನುವಾದದೊಡನೆ ಅಚ್ಚುಹಾಕಿಸಿದಾಗ ಅವರಿಗೆ ಆಧಾರವಾದ ಪ್ರತಿಗಳಲ್ಲಿ ಕನ್ನಡ ಲಿಪಿಯ ಓಲೆಗರಿಗಳೂ ಇದ್ದವು.

ಮಹಾವೀರಾಚಾರ್ಯರ ಲೆಕ್ಕಗಳು ಓದಲಿಕ್ಕೂ ಸೊಗಸು. ಒಂದು ಒಂಟೆಯ ಹಿಂಡು. ಅದರ ಕಾಲುಭಾಗ ಕಾಡಿನಲ್ಲಿ ಕಂಡಿತು. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿಗೆ ಹೋದವು. ಹದಿನೈದು ಹೊಳೆಯ ದಂಡೆಯಲ್ಲಿವೆ. ಹಿಂಡೆಷ್ಟು? ಮೂವತ್ತಾರು. ಒಂಬತ್ತು, ಹನ್ನೆರಡು, ಹದಿನೈದು, ಸರಿಹೋಯಿತು. ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಕೂಡಿ ಬಿಡಿಸಬಹುದಾದ ಒಗಟು ಇದು. ಋಣಸಂಖ್ಯೆ ಸ್ವಭಾವತಃ ವರ್ಗವಲ್ಲ, ಆದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದವರೂ ಅವರೇ.

ವೃತ್ತದ ಪರಿಧಿಗೆ ಅವರು ಎರಡು ಬೆಲೆ ಕೊಡುತ್ತಾರೆ: ಸ್ಥೂಲವಾಗಿ ವ್ಯಾಸದ ಮೂರರಷ್ಟು, ಸೂಕ್ಷ್ಮವಾಗಿ ವ್ಯಾಸದ √10ರಷ್ಟು, ಜೈನ ಗಣಿತದ ಪರಂಪರೆಯಂತೆ. ನಮ್ಮವರೆಂಬ ಅಭಿಮಾನದಿಂದ ಇದನ್ನು ಹೊಗಳಿಬಿಡುವುದು ಸುಲಭ. ಆದರೆ √10 ಎಂದರೆ 3.162, ಆರ್ಯಭಟನು 499ರಲ್ಲೇ 3.1416 ಎಂಬ ಬೆಲೆಯನ್ನು ಕೊಟ್ಟಿದ್ದನು. ಸೂಕ್ಷ್ಮವೆಂಬ ಹೆಸರು ಇಲ್ಲಿ ಸ್ವಲ್ಪ ಉದಾರವಾಯಿತು. ಅದು ಹೇಗೂ ಇರಲಿ, ಕರಣಿ ಕೂಡಿಸುವುದನ್ನು ಕಲಿಯುವವರಿಗೆ ಈ ಬೆಲೆ ಬಹಳ ಅನುಕೂಲ. ಒಂದು ಮಾರು ವ್ಯಾಸದ ಬಾವಿಯ ಸುತ್ತಳತೆ √10, ಎರಡು ಮಾರು ವ್ಯಾಸದ ಬಾವಿಯದು √40, ಮೂರು ಮಾರಿನದು √90. ಮೊದಲೆರಡು ಬಾವಿಗಳ ಸುತ್ತ ಕಟ್ಟಿದ ಹಗ್ಗಗಳನ್ನು ಬಿಚ್ಚಿ ಗಂಟು ಹಾಕಿದರೆ ಮೂರನೆಯ ಬಾವಿಗೆ ಸರಿಯಾಗಿ ಸಾಲುತ್ತದೆ. ಹತ್ತು ಮತ್ತು ನಲವತ್ತು ಸೇರಿ ಐವತ್ತಲ್ಲ, ತೊಂಬತ್ತು! ಈ ಉದಾಹರಣೆ ಮಹಾವೀರಾಚಾರ್ಯರದಲ್ಲ, ನಮ್ಮದು; ತಪ್ಪಿದ್ದರೆ ಹೊಣೆಯೂ ನಮ್ಮದೇ.

ಕರಣಿಯ ಲೆಕ್ಕವನ್ನು ಒಂದು ಶಾಸ್ತ್ರವಾಗಿ ತಿದ್ದಿ ತೀಡಿದವರು ಭಾಸ್ಕರಾಚಾರ್ಯರು. ಮೂವತ್ತಾರನೆಯ ವಯಸ್ಸಿನಲ್ಲಿ, 1150ರಲ್ಲಿ, ಅವರು ಮುಗಿಸಿದ ಸಿದ್ಧಾಂತಶಿರೋಮಣಿಗೆ ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂದು ನಾಲ್ಕು ಭಾಗಗಳು. ಬೀಜಗಣಿತದಲ್ಲಿ ಕರಣಿಯ ಷಡ್ವಿಧವೆಂಬ ಪ್ರಕರಣವಿದೆ: ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ವರ್ಗ, ವರ್ಗಮೂಲ. ಇಂದಿನ √ ಚಿಹ್ನೆ ಆಗ ಇರಲಿಲ್ಲ. ಅದು ಮೊದಲು ಅಚ್ಚಾದದ್ದು 1525ರಲ್ಲಿ, ರುಡಾಲ್ಫ್ ಎಂಬವನ ಜರ್ಮನ್ ಪುಸ್ತಕದಲ್ಲಿ. ಭಾಸ್ಕರಾಚಾರ್ಯರ ಪದ್ಧತಿಯಲ್ಲಿ ಕರಣಿಗೆ ‘ಕ’ ಎಂಬ ಅಕ್ಷರ, ಸಾದಾ ಸಂಖ್ಯೆಗೆ ರೂಪವೆಂಬುದರ ‘ರೂ’. ಎರಡರ ಮೂಲವೆಂದರೆ ಕ 2. ಎಂಟರ ಮೂಲವೆಂದರೆ ಕ 8. ಎರಡೂ ಕೂಡಿ ಕ 18. ನಮ್ಮ ಮಕ್ಕಳಿಗೆ ಕನ್ನಡದ ವ್ಯಂಜನಗಳಲ್ಲಿ ಮೊದಲ ಅಕ್ಷರವಾದರೂ ನೆನಪಿದ್ದರೆ ಈ ಲೆಕ್ಕ ಬರೆಯಬಹುದು.

ಅವರ ನಿಯಮ ಹೀಗಿದೆ. ಎರಡು ಕರಣಿಗಳ ಮೊತ್ತಕ್ಕೆ ಮಹತಿ ಎಂದು ಹೆಸರಿಡು. ಅವುಗಳ ಗುಣಲಬ್ಧದ ಮೂಲವನ್ನು ಇಮ್ಮಡಿಸಿ ಅದಕ್ಕೆ ಲಘು ಎಂದು ಹೆಸರಿಡು. ಮಹತಿ ಲಘುಗಳನ್ನು ಕೂಡಿದರೆ ಯೋಗ, ಕಳೆದರೆ ಅಂತರ. 2 ಮತ್ತು 8ರಲ್ಲಿ ಮಹತಿ 10. ಗುಣಲಬ್ಧ 16, ಮೂಲ 4, ಇಮ್ಮಡಿ 8, ಅದು ಲಘು. ಕೂಡಿದರೆ ಕ 18, ಕಳೆದರೆ ಕ 2. ಜಮಖಾನೆಯನ್ನು ನೋಡಿದ ವಾಚಕರು ಇಷ್ಟರಲ್ಲೇ ಗುರುತಿಸಿರಬೇಕು: ಮಹತಿಯೆಂಬುದು ಎರಡು ಜಮಖಾನೆಗಳು, ಲಘುವೆಂಬುದು ಆ ಎರಡು ಖಾಲಿ ಮೂಲೆಗಳು. ಶಾಲೆಯ ಮಕ್ಕಳು ಮಹತಿಯನ್ನಷ್ಟೇ ಬರೆದು ಲಘುವನ್ನು ಬಿಡುತ್ತಾರೆ. ಹೆಸರು ಲಘುವಾದರೇನು, ಮಾರ್ಕು ಹೋಗುವುದು ಅದಕ್ಕೇ.

ನಿಯಮ ಕೊಟ್ಟು ಆಚಾರ್ಯರು ಗೆಳೆಯನನ್ನು ಕರೆಯುವಂತೆ ಕರೆದು ಮೂರು ಲೆಕ್ಕ ಕೊಡುತ್ತಾರೆ. ಮೊದಲನೆಯದು ನಮ್ಮ 2 ಮತ್ತು 8. ನಮ್ಮ ಹುಡುಗಿಯ ನೋಟುಬುಕ್ಕಿನಲ್ಲಿ ಕೆಂಪು ಕಾಟು ಬಿದ್ದ ಲೆಕ್ಕವೇ ಎಂಟುನೂರು ವರ್ಷಗಳಿಗೂ ಹಿಂದಿನ ಗ್ರಂಥದಲ್ಲಿ ಮೊದಲ ಉದಾಹರಣೆಯಾಗಿ ಕುಳಿತಿರುವುದನ್ನು ಕಂಡು ನಮಗೆ ಆದ ಸಂತೋಷವನ್ನು ಏನೆಂದು ಹೇಳೋಣ! ಎರಡನೆಯದು 3 ಮತ್ತು 27. ಇಪ್ಪತ್ತೇಳು ಎಂದು ಅವರು ನೇರವಾಗಿ ಹೇಳುವುದಿಲ್ಲ, ‘ಭ’ ಎನ್ನುತ್ತಾರೆ. ಭ ಎಂದರೆ ನಕ್ಷತ್ರ. ಅಶ್ವಿನಿಯಿಂದ ರೇವತಿಯವರೆಗೆ ನಕ್ಷತ್ರಗಳು ಇಪ್ಪತ್ತೇಳು. ಪಂಚಾಂಗ ನೋಡುವ ಅಜ್ಜಿಯರಿದ್ದ ಮನೆಯಲ್ಲಿ ಇದಕ್ಕೆ ಟೀಕೆ ಬೇಕಾಗಿಲ್ಲ. ಉತ್ತರ ಕ 48. ಅಂತರ ಕ 12.

ಮೂರನೆಯ ಲೆಕ್ಕ 3 ಮತ್ತು 7. ಚೆನ್ನಾಗಿ ಯೋಚಿಸಿ ಹೇಳು ಎಂದು ಎಚ್ಚರಿಕೆ ಬೇರೆ ಕೊಟ್ಟಿದ್ದಾರೆ. ಎಚ್ಚರಿಕೆ ಸುಮ್ಮನೆ ಕೊಟ್ಟದ್ದಲ್ಲ. ಮಹತಿ 10, ಗುಣಲಬ್ಧ 21, ಇಪ್ಪತ್ತೊಂದಕ್ಕೆ ಪೂರ್ಣ ಮೂಲವಿಲ್ಲ. ಲಘು ಸಿಕ್ಕುವುದಿಲ್ಲ. ಆಗ ಏನು ಮಾಡಬೇಕೆಂಬುದನ್ನೂ ನಿಯಮದಲ್ಲೇ ಹೇಳಿದ್ದಾರೆ: ಮೂಲ ದೊರೆಯದಿದ್ದರೆ ಪೃಥಕ್ ಸ್ಥಿತಿ, ಎರಡನ್ನೂ ಬೇರೆಬೇರೆಯಾಗಿಯೇ ಇರಗೊಡಬೇಕು. ಕ 3 ಕ 7 ಎಂದು ಪಕ್ಕಪಕ್ಕದಲ್ಲಿ ಬರೆದಿಡುವುದೇ ಉತ್ತರ. ಯೋಗವೆಂದರೆ ಎಲ್ಲವನ್ನೂ ಕಲಸಿ ಒಂದು ಮಾಡಲೇಬೇಕೆಂಬ ಹಟ ಆಚಾರ್ಯರಿಗಿಲ್ಲ. ಮಕ್ಕಳಿಗೆ ಇದೇ ಅತ್ಯಂತ ಕಷ್ಟದ ಪಾಠ. ಉತ್ತರವೆಂದರೆ ಒಂದೇ ಸಂಖ್ಯೆ ಇರಬೇಕೆಂದು ಅವರ ನಂಬಿಕೆ. ಮಾಡಲು ಏನೂ ಉಳಿದಿಲ್ಲವೆಂದರೆ ಅವರಿಗೆ ಸಮಾಧಾನವಿಲ್ಲ.

ಇಲ್ಲಿ ಒಂದು ವಿಶೇಷವನ್ನು ಹೇಳಬೇಕು. ನಮ್ಮ ಕಾಲದ ಶಾಲೆ √18ನ್ನು 3√2 ಎಂದು ಬರೆದರೇ ಸರಳವಾಯಿತೆನ್ನುತ್ತದೆ. ಆಚಾರ್ಯರು ಕ 18 ಎಂದು ಎಲ್ಲವನ್ನೂ ಒಳಗೇ ಇಡುತ್ತಾರೆ. ಗುಣಾಕಾರದ ಅವರ ಒಂದು ಉದಾಹರಣೆಯಲ್ಲಿ ಕ 2, ಕ 3, ಕ 8 ಇವುಗಳನ್ನು ಕ 3 ಮತ್ತು ರೂ 5ರಿಂದ ಗುಣಿಸಬೇಕಾಗಿದೆ. ಮೊದಲು ಕ 2 ಮತ್ತು ಕ 8ನ್ನು ಕೂಡಿಸಿ ಕ 18 ಮಾಡಿಕೊಂಡರೆ ಶ್ರಮ ಉಳಿಯುತ್ತದೆ; ಫಲ ರೂ 3, ಕ 450, ಕ 75, ಕ 54. ಇಂದಿನ ಅಧ್ಯಾಪಕರು √450ನ್ನು 15√2 ಎಂದು ತಿದ್ದದೆ ಬಿಡರು. ಯಾವುದು ಸರಳ? ನಮಗೆ ತೋರುವಂತೆ ಹಳೆಯ ರೀತಿಗೂ ಒಂದು ಲಾಭವಿದೆ. ಎರಡರ ಮೂಲವನ್ನು ಅಂದಾಜಿನಿಂದ 1.4 ಎಂದು ಹಿಡಿದು ಹದಿನೈದರಿಂದ ಗುಣಿಸಿದರೆ 21 ಬರುತ್ತದೆ. ಅಂದಾಜಿನ ತಪ್ಪು ಹದಿನೈದು ಪಟ್ಟು ಬೆಳೆದಿರುತ್ತದೆ. 450ರ ಮೂಲವನ್ನು ನೇರವಾಗಿ ತೆಗೆದರೆ 21.2. ಕೈಯಿಂದ ಲೆಕ್ಕ ಮಾಡುವವನು ಮೂಲ ತೆಗೆಯುವ ಕೆಲಸವನ್ನು ಕೊನೆಗೆ ಒಂದೇ ಸಲ ಇಟ್ಟುಕೊಳ್ಳುವುದು ಜಾಣತನವೇ.

ಭಾಸ್ಕರಾಚಾರ್ಯರು ಯಾರವರು? ಈ ಪ್ರಶ್ನೆಯನ್ನು ಬಿಟ್ಟು ಹೋದರೆ ಸಂಘದ ಹಿರಿಯರು ನಮ್ಮನ್ನು ಕ್ಷಮಿಸಲಾರರು. ತಮ್ಮ ಊರು ಸಹ್ಯಾದ್ರಿಯ ಆಶ್ರಯದಲ್ಲಿರುವ ವಿಜ್ಜಡವಿಡ ಎಂದು ಅವರೇ ಹೇಳಿಕೊಂಡಿದ್ದಾರೆ. ಅದು ಬಿಜಾಪುರ, ಇಂದಿನ ವಿಜಯಪುರ, ಎಂದು ನಮ್ಮವರು ಬಹಳ ಕಾಲದಿಂದ ಬರೆಯುತ್ತ ಬಂದಿದ್ದಾರೆ. ಬಿಜ್ಜಡ ಎಂಬ ಹೆಸರೂ ಬೀಡು ಎಂಬ ಮಾತೂ ಕನ್ನಡದ ಕಿವಿಗೆ ಕೇಳಿಸುವುದು ನಿಜ. ಆದರೆ ಕಿವಿಗೆ ಕೇಳಿಸಿದ್ದೆಲ್ಲ ಇತಿಹಾಸವಾಗುವುದಿಲ್ಲ. ವಿಜಯಪುರ ಸಹ್ಯಾದ್ರಿಯಿಂದ ಬಹು ದೂರದ ಬಯಲು. ಇತ್ತ ಮಹಾರಾಷ್ಟ್ರದ ಜಳಗಾಂವ ಜಿಲ್ಲೆಯ ಚಾಳೀಸಗಾಂವದ ಹತ್ತಿರ ಪಾಟಣ ಎಂಬಲ್ಲಿ ಒಂದು ಶಿಲಾಶಾಸನ ಸಿಕ್ಕಿದೆ. ಭಾಸ್ಕರಾಚಾರ್ಯರ ಮೊಮ್ಮಗ, ಯಾದವ ಸಿಂಘಣನ ಜ್ಯೋತಿಷಿಯಾಗಿದ್ದ ಚಾಂಗದೇವನು, ತನ್ನ ಅಜ್ಜನ ಗ್ರಂಥಗಳ ಅಧ್ಯಯನಕ್ಕಾಗಿ ಅಲ್ಲಿ ಮಠವನ್ನು ಸ್ಥಾಪಿಸಿದ ವಿಷಯ ಅದರಲ್ಲಿದೆ. ಕಾಲ ಶಕ 1128. ಶಾಸನ ಸಂಸ್ಕೃತದಲ್ಲಿದ್ದು ಕೊನೆಯ ಭಾಗ ಹಳೆಯ ಮರಾಠಿಯಲ್ಲಿದೆ. ಅದನ್ನು 1865ರಲ್ಲಿ ಲೋಕಕ್ಕೆ ತಿಳಿಸಿದವರು ಈ ಮುಂಬಯಿಯ ವೈದ್ಯರಾದ ಡಾಕ್ಟರ್ ಭಾವೂ ದಾಜಿಯವರು; ಭಾಯಖಳಾದ ವಸ್ತುಸಂಗ್ರಹಾಲಯಕ್ಕೆ 1975ರಿಂದ ಅವರ ಹೆಸರೇ ಇದೆ. ನಮ್ಮಲ್ಲಿ ಅನೇಕರು ಮಕ್ಕಳನ್ನು ರಾಣಿಬಾಗಿಗೆ ಕರೆದೊಯ್ಯುವಾಗ ಅದರ ಮುಂದೆಯೇ ಹಾದುಹೋಗುತ್ತೇವೆ. ವಿಜ್ಜಡವಿಡ ಯಾವುದೆಂಬ ವಾದ ಮುಗಿದಿಲ್ಲವಾದರೂ ಸಾಕ್ಷ್ಯದ ತೂಕ ಪಾಟಣದ ಕಡೆಗೇ ಇದೆಯೆಂದು ನಮ್ಮ ಅಭಿಪ್ರಾಯ. ಹೀಗೆ ಹೇಳುವುದರಿಂದ ನಮ್ಮ ಅಭಿಮಾನಕ್ಕೆ ಕುಂದೇನೂ ಬಾರದು. ಮೊಮ್ಮಗನು ಅಜ್ಜನ ಗಣಿತಕ್ಕೆ ಮಠ ಕಟ್ಟಿಸಿದನೆಂಬ ಸಂಗತಿಯನ್ನು ಓದುವಾಗ ಮಾತ್ರ, ಮೊಮ್ಮಗಳ ಮುಂದೆ ಬರುವುದಿಲ್ಲವೆಂದು ತಲೆಯಾಡಿಸಿದ ನಮಗೆ ಕೊಂಚ ನಾಚಿಕೆಯಾಯಿತು.

ಗಣಿತವನ್ನು ಮನೆಯ ಮಾತಿನಲ್ಲೇ ಹೇಳಬೇಕೆಂಬ ಹಂಬಲವೂ ಕನ್ನಡಿಗರಲ್ಲಿ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನೆಂಬ ಜೈನ ಕವಿ ಕನ್ನಡದಲ್ಲಿ ವ್ಯವಹಾರಗಣಿತ, ಕ್ಷೇತ್ರಗಣಿತ, ಚಿತ್ರಹಸುಗೆ ಮುಂತಾದ ಗ್ರಂಥಗಳನ್ನು ಬರೆದನು. ಅವನದೊಂದು ಲೀಲಾವತಿಯೂ ಉಂಟು. ಅವನ ವಿಷಯ ಪ್ರತ್ಯೇಕವಾಗಿ ಬರೆಯತಕ್ಕಷ್ಟು ದೊಡ್ಡದು. ಸಂಪಾದಕರು ಮುಂದಿನ ವರ್ಷವೂ ನಮ್ಮನ್ನು ಕೇಳುವ ಧೈರ್ಯ ಮಾಡಿದರೆ ನೋಡೋಣ.

ಇನ್ನೊಂದು ಸಂಗತಿಯನ್ನು ಹೇಳುವುದು ಉಳಿದಿದೆ. ನಮ್ಮ ಎದುರುಮನೆಯ ಹುಡುಗ ಮರಾಠಿ ಮಾಧ್ಯಮದಲ್ಲಿ ಅದೇ ಒಂಬತ್ತನೆಯ ಇಯತ್ತೆ. ನಾವು ಮೊಮ್ಮಗಳಿಗೆ ಕಾಗದದ ಚೂರುಗಳನ್ನು ಜೋಡಿಸಿ ತೋರಿಸುತ್ತಿದ್ದಾಗ ಅವನೂ ಬಂದು ಕುಳಿತನು; ಕರಣಿಯೆಂಬ ಮಾತು ಕಿವಿಗೆ ಬಿದ್ದೊಡನೆ ಎದ್ದುಹೋಗಿ ತನ್ನ ಪಠ್ಯಪುಸ್ತಕವನ್ನು ತಂದು ತೋರಿಸಿದನು. ಅದರಲ್ಲೂ ‘ಕರಣೀ’ ಎಂದೇ ಅಚ್ಚಾಗಿತ್ತು. ಊರಿನ ಕನ್ನಡ ಶಾಲೆಯಲ್ಲಿ ನಾವು ಕಲಿತ ಮಾತು ಆ ಮರಾಠಿ ಹುಡುಗನಿಗೆ ಗೊತ್ತು, ನಮ್ಮ ಮನೆಯ ಹುಡುಗಿಗೆ ಗೊತ್ತಿರಲಿಲ್ಲ. ಇಬ್ಬರಿಗೂ ಆಚಾರ್ಯರ ಮೂರನೆಯ ಲೆಕ್ಕವನ್ನು ಕೊಟ್ಟೆವು. ಹುಡುಗ ಮಹತಿ ಬರೆದು, ಇಪ್ಪತ್ತೊಂದರ ಮೂಲಕ್ಕಾಗಿ ಬಹಳ ಹೊತ್ತು ಒದ್ದಾಡಿದನು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಕ 3 ಕ 7 ಎಂದು ಕನ್ನಡದ ಅಕ್ಷರದಲ್ಲಿ ಬರೆದು, ಪೆನ್ನು ಮುಚ್ಚಿಟ್ಟಳು.